ಬರಹ ಒಂದೇ, ಓದು ಬೇರೆ

ಊರಿನಿಂದ ಚಿಕಿತ್ಸೆಗೆಂದು ಬಂದ ನೆಂಟರು ಇಳಿದುಕೊಳ್ಳದ ಕನ್ನಡ ಮನೆ ಮುಂಬಯಿಯಲ್ಲಿ ಅಪರೂಪವೆಂದೇ ಹೇಳಬೇಕು. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ ೧೯೪೧ರಲ್ಲಿ ಬಾಗಿಲು ತೆರೆದಂದಿನಿಂದ ಈ ನೆಂಟರ ಸಾಲು ನಿಂತಿಲ್ಲ. ಈಗ ಬೆಂಗಳೂರು, ಮಣಿಪಾಲ, ಹುಬ್ಬಳ್ಳಿಗಳಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಅನುಕೂಲ ಸಾಕಷ್ಟು ಬೆಳೆದಿದ್ದರೂ "ಒಮ್ಮೆ ಮುಂಬಯಿಯಲ್ಲಿ ತೋರಿಸಿ ಬಿಡೋಣ" ಎಂಬ ಮಾತು ನಮ್ಮ ಊರುಗಳಲ್ಲಿ ಇನ್ನೂ ಉಳಿದಿದೆ. ನಮ್ಮಲ್ಲಿಗೂ ಕೆಲವು ವರ್ಷಗಳ ಹಿಂದೆ ಕುಂದಾಪುರದ ಕಡೆಯಿಂದ ಸೋದರತ್ತೆ ಬಂದಿದ್ದರು. ಸ್ತನದ ಕ್ಯಾನ್ಸರು. ಬಂದ ಮೂರನೆಯ ದಿನ ರಾತ್ರಿ ಊಟ ಮುಗಿಸಿ ಚಾಪೆ ಹಾಸುತ್ತಿದ್ದಾಗ ಅವರು ಕೇಳಿದ ಪ್ರಶ್ನೆ ಇದು: "ನಾನ್ ಯಾರಿಗ್ ಎಂತ ಅನ್ಯಾಯ ಮಾಡಿದ್ದೆ ಮಗಾ, ಈ ಕಾಯ್ಲೆ ನಂಗೇ ಬಪ್ಪುಕೆ?"

ನಾವು ಏನೋ ಸಮಾಧಾನ ಹೇಳಿದೆವು. ಆದರೆ ಪ್ರಶ್ನೆ ಸಮಾಧಾನ ಕೇಳಿದ್ದಲ್ಲ, ಉತ್ತರ ಕೇಳಿದ್ದು. ಅಂದಿನಿಂದ ಆ ಉತ್ತರವನ್ನು ಹುಡುಕುತ್ತಾ, ತಿಳಿದವರನ್ನು ಕೇಳುತ್ತಾ, ಸಿಕ್ಕಷ್ಟು ಓದುತ್ತಾ ಬಂದಿದ್ದೇವೆ. ನಾವು ವಿಜ್ಞಾನಿಗಳಲ್ಲ. ಆದರೆ ಈ ಅರ್ಧ ಶತಮಾನದಲ್ಲಿ ಜೀವಶಾಸ್ತ್ರ ಕಂಡುಕೊಂಡ ಒಂದು ಸಂಗತಿ ಅತ್ತೆಯ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದೆಂದು ನಮಗೆ ತೋರಿದ್ದರಿಂದ ಅದನ್ನು ಓದುಗರ ಮುಂದಿಡುತ್ತಿದ್ದೇವೆ.

ಹಣೆಬರಹ ಎಂಬ ಮಾತನ್ನು ನಾವು ತೊಟ್ಟಿಲಿನಿಂದಲೇ ಕೇಳಿದವರು. ಹುಟ್ಟಿದ ಆರನೆಯ ದಿನ ವಿಧಿ ಬಂದು ಶಿಶುವಿನ ಹಣೆಯ ಮೇಲೆ ಬರೆದು ಹೋಗುತ್ತಾಳೆ. ಬರೆದದ್ದನ್ನು ಅಳಿಸುವುದು ಬರೆದವಳ ಕೈಯಲ್ಲೂ ಇಲ್ಲ ಎಂದು ಅಜ್ಜಿಯರು ಹೇಳುತ್ತಿದ್ದರು. ವಿಜ್ಞಾನ ಓದಿದ ಮಕ್ಕಳು ಅಜ್ಜಿಯನ್ನು ನೋಡಿ ನಕ್ಕರು. ನಕ್ಕವರು ಮಾಡಿದ್ದೇನು? ಹಣೆಯ ಮೇಲಿದ್ದ ಬರಹವನ್ನು ಜೀವಕೋಶದ ಒಳಕ್ಕೆ ಸರಿಸಿ, ಅದಕ್ಕೆ ಡಿ.ಎನ್.ಎ. ಎಂದು ಹೆಸರಿಟ್ಟರು, ಅಷ್ಟೆ. "ಅವರ ವಂಶದಲ್ಲೇ ಉಂಟಂತೆ" ಎಂದು ಸಂಬಂಧ ನೋಡುವಾಗ ಪಿಸುಗುಟ್ಟುವವರು ಇಂದು ಪದವೀಧರರೇ. ಬರಹ ಬದಲಾಯಿತು, ಬರಹವೇ ವಿಧಿ ಎಂಬ ನಂಬಿಕೆ ಬದಲಾಗಲಿಲ್ಲ.

ಈ ನಂಬಿಕೆಗೆ ೧೯೭೭ರಲ್ಲಿ ಒಂದು ಪೆಟ್ಟು ಬಿತ್ತು. ನೆಗಡಿಯಂಥ ಕಾಯಿಲೆ ತರುವ ಅಡೆನೊ ಎಂಬ ಜಾತಿಯ ವೈರಸ್ಸಿನ ಮೇಲೆ ಅಮೆರಿಕದ ಎರಡು ಪ್ರಯೋಗಶಾಲೆಗಳು ಕೆಲಸ ಮಾಡುತ್ತಿದ್ದವು. ಅದುವರೆಗೆ ಎಲ್ಲರೂ ತಿಳಿದಿದ್ದುದು ಇಷ್ಟು: ಡಿ.ಎನ್.ಎ.ಯಲ್ಲಿ ವಂಶವಾಹಿ ಉದ್ದನೆಯ ಅಖಂಡ ವಾಕ್ಯದಂತೆ ಇರುತ್ತದೆ. ಅದರ ನಕಲು ಆರ್.ಎನ್.ಎ.; ಆ ನಕಲನ್ನು ನೋಡಿ ಕೋಶ ಪ್ರೋಟೀನನ್ನು ಕಟ್ಟುತ್ತದೆ. ಆದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮೂಲವನ್ನೂ ನಕಲನ್ನೂ ಜೋಡಿಸಿ ನೋಡಿದಾಗ ಎರಡೂ ಸರಿಹೊಂದಲಿಲ್ಲ. ಮೂಲದ ಎಷ್ಟೋ ಭಾಗಗಳು ನಕಲಿನಲ್ಲಿ ಜೊತೆ ಸಿಗದೆ ಕುಣಿಕೆಗಳಂತೆ ಹೊರಚಾಚಿಕೊಂಡಿದ್ದವು. ಎಂದರೆ, ಕೋಶ ಮೊದಲು ಪೂರ್ತಿ ನಕಲು ಮಾಡಿಕೊಳ್ಳುತ್ತದೆ. ಅನಂತರ ನಡುನಡುವಿನ ತುಂಡುಗಳನ್ನು ಕತ್ತರಿಸಿ ತೆಗೆದು ಉಳಿದವುಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಈ ಶೋಧಕ್ಕಾಗಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರಿಗೆ ೧೯೯೩ರಲ್ಲಿ ನೊಬೆಲ್ ಪಾರಿತೋಷಕ ಬಂತು. ಉಳಿಸಿಕೊಳ್ಳುವ ತುಂಡುಗಳಿಗೆ ಎಕ್ಸಾನ್, ತೆಗೆದುಹಾಕುವವುಗಳಿಗೆ ಇಂಟ್ರಾನ್ ಎಂದು ೧೯೭೮ರಲ್ಲಿ ಹೆಸರಿಟ್ಟವರು ವಾಲ್ಟರ್ ಗಿಲ್ಬರ್ಟ್.

ಇನ್ನೂ ದೊಡ್ಡ ಅಚ್ಚರಿ ಮುಂದೆ ಕಾದಿತ್ತು. ಉಳಿಸಿಕೊಳ್ಳುವ ತುಂಡುಗಳನ್ನು ಕೋಶ ಎಲ್ಲ ಕಾಲಕ್ಕೂ ಎಲ್ಲ ಕಡೆಗೂ ಒಂದೇ ರೀತಿ ಜೋಡಿಸುವುದಿಲ್ಲ. ಇದನ್ನು ಹೇಗೆ ವಿವರಿಸುವುದು? ನಮ್ಮ ಕರಾವಳಿಯ ಓದುಗರಿಗೆ ಯಕ್ಷಗಾನವೇ ಸಾಕು. ಪ್ರಸಂಗದ ಪುಸ್ತಕ ಒಂದೇ. ಊರಿನ ಬಯಲಿನಲ್ಲಿ ಬೆಳಗಿನವರೆಗೆ ಆಡುವ ಆಟವೂ ಅದರದ್ದೇ, ಇಲ್ಲಿ ಸಭಾಗೃಹದಲ್ಲಿ ಮೂರು ತಾಸಿನಲ್ಲಿ ಮುಗಿಸುವ ಆಟವೂ ಅದರದ್ದೇ. ಭಾಗವತರು ಪದ್ಯಗಳ ಅನುಕ್ರಮವನ್ನು ಕೆಡಿಸುವುದಿಲ್ಲ. ಆದರೆ ಯಾವುದನ್ನು ಎತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಆ ದಿನದ ಮೇಳ, ಆ ದಿನದ ಹೊತ್ತು ನೋಡಿ ನಿರ್ಧರಿಸುತ್ತಾರೆ. ಸಂಧಾನದ ಪದ್ಯಗಳನ್ನೆಲ್ಲ ಬಿಟ್ಟು ಯುದ್ಧದ ಪದ್ಯಗಳನ್ನಷ್ಟೇ ಹಾಡಿದರೆ, ಕೃಷ್ಣ ಸಂಧಾನಕ್ಕೆ ಹೋಗಿದ್ದನೆಂಬುದನ್ನೇ ಅರಿಯದ ಪ್ರೇಕ್ಷಕನಿಗೆ ಪಾಂಡವರು ಯುದ್ಧಕೋರರಾಗಿ ಕಂಡಾರು. ಪುಸ್ತಕದಲ್ಲಿ ಒಂದಕ್ಷರ ಬದಲಾಗಿಲ್ಲ. ಆದರೆ ಕಥೆ ತಿರುಗಿಬಿಟ್ಟಿತು.

ಮನುಷ್ಯನ ವಂಶವಾಹಿಗಳೆಷ್ಟು ಎಂಬ ಲೆಕ್ಕ ಈ ಮಾತಿಗೆ ಪುಷ್ಟಿ ಕೊಡುತ್ತದೆ. ಒಂದು ಲಕ್ಷವಾದರೂ ಇರಬೇಕೆಂದು ಹಿಂದೆ ಅನೇಕರು ಎಣಿಸಿದ್ದರು. ಮಾನವ ಜೀನೋಮಿನ ಸುಮಾರು ೩೦೦ ಕೋಟಿ ಅಕ್ಷರಗಳನ್ನು ಓದುವ ಯೋಜನೆ ೨೦೦೩ರಲ್ಲಿ ಮುಗಿದಾಗ, ಪ್ರೋಟೀನು ಕಟ್ಟುವ ವಂಶವಾಹಿಗಳು ಅದರಲ್ಲಿ ತೀರ ಕಡಿಮೆಯೆಂದು ತಿಳಿದುಬಂತು. ಈಗಿನ ಲೆಕ್ಕ ಸುಮಾರು ೨೦,೦೦೦. ಮಣ್ಣಿನಲ್ಲಿರುವ, ಒಂದು ಮಿಲಿಮೀಟರ್ ಉದ್ದದ ದುಂಡುಹುಳಕ್ಕೂ ಸುಮಾರು ಅಷ್ಟೇ ಇವೆ! ಬರಹದ ಗಾತ್ರದಲ್ಲಿ ಹುಳಕ್ಕೂ ನಮಗೂ ಹೇಳಿಕೊಳ್ಳುವ ಅಂತರವಿಲ್ಲ ಎಂದಾಯಿತು. ಅಂತರಕ್ಕೆ ಕಾರಣಗಳು ಹಲವು; ಅವುಗಳಲ್ಲಿ ಮುಖ್ಯವಾದದ್ದೊಂದು ಓದುವ ಬಗೆ. ಹಲವು ತುಂಡುಗಳುಳ್ಳ ನಮ್ಮ ವಂಶವಾಹಿಗಳಲ್ಲಿ ನೂರಕ್ಕೆ ೯೦ಕ್ಕಿಂತ ಹೆಚ್ಚಿನವು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಜೋಡಣೆಯಾಗುತ್ತವೆಂದು ೨೦೦೮ರ ಅಧ್ಯಯನಗಳು ತೋರಿಸಿದವು. ಮಿದುಳಿನಲ್ಲಿ ಒಂದು ಓದು, ಸ್ನಾಯುವಿನಲ್ಲಿ ಇನ್ನೊಂದು, ಭ್ರೂಣದಲ್ಲಿ ಮತ್ತೊಂದು.

ಈ ಓದಿನ ಮೇಲೆ ಎಷ್ಟು ಭಾರವಿದೆ ಎಂಬುದಕ್ಕೆ ಒಂದು ಉದಾಹರಣೆ ಕೊಡಬಹುದು. ಬಿ.ಸಿ.ಎಲ್.-ಎಕ್ಸ್ ಎಂಬ ವಂಶವಾಹಿಯ ವಿಚಾರ ೧೯೯೩ರಲ್ಲಿ ಬೆಳಕಿಗೆ ಬಂತು. ಅದರಿಂದ ಉದ್ದನೆಯದೊಂದು, ಗಿಡ್ಡನೆಯದೊಂದು ಪ್ರೋಟೀನು ಹುಟ್ಟುತ್ತದೆ. ಉದ್ದನೆಯದು ಕೋಶಕ್ಕೆ "ಬದುಕು" ಎನ್ನುತ್ತದೆ. ಗಿಡ್ಡನೆಯದು "ಸಾಕು, ಸಾಯಿ" ಎನ್ನುತ್ತದೆ. ಕೆಟ್ಟ ಕೋಶ ತಾನಾಗಿ ಸಾಯುವುದು ದೇಹದ ಒಂದು ದೊಡ್ಡ ರಕ್ಷಣೆ. ಹಲವು ಕ್ಯಾನ್ಸರುಗಳಲ್ಲಿ ಉದ್ದನೆಯದರದ್ದೇ ಮೇಲುಗೈ. ಸಾಯಬೇಕಾದ ಕೋಶ ಸಾಯುವುದಿಲ್ಲ.

ಇನ್ನು ಕ್ಯಾನ್ಸರು ಹರಡುವ ಸಂಗತಿ. ಹುಟ್ಟಿದ ಜಾಗದಲ್ಲೇ ಇರುವ ಗಡ್ಡೆಯನ್ನು ಎಷ್ಟೋ ಸಲ ಕತ್ತರಿಸಿ ತೆಗೆಯಬಹುದು. ಕ್ಯಾನ್ಸರಿನಿಂದ ಸಾಯುವವರಲ್ಲಿ ಬಹುಪಾಲು ಜನ ಸಾಯುವುದು ಅದು ಶ್ವಾಸಕೋಶ, ಪಿತ್ತಜನಕಾಂಗ, ಮೂಳೆ, ಮಿದುಳುಗಳಿಗೆ ಹರಡುವುದರಿಂದ. ಸ್ತನ, ಕರುಳು, ಬಾಯಿಗಳ ಒಳಪದರದ ಕೋಶಗಳು ವಠಾರದ ಮನೆಗಳಂತೆ ಒಂದಕ್ಕೊಂದು ಅಂಟಿಕೊಂಡಿರುವಂಥವು. ಇಂಥ ಕೋಶ ಹರಡಬೇಕಾದರೆ ಅಕ್ಕಪಕ್ಕದ ಹಿಡಿತ ಬಿಡಿಸಿಕೊಂಡು, ಆಕಾರ ಬದಲಿಸಿಕೊಂಡು, ನುಸುಳುವ ಕಸುವು ಪಡೆಯಬೇಕು. ಈ ಬದಲಾವಣೆಯಲ್ಲಿ ಮರುಜೋಡಣೆಯ ಕೈವಾಡವಿದೆ. ಅಂಟಿಕೊಂಡಿರುವ ಕೋಶಗಳಲ್ಲಿ ಇ.ಎಸ್.ಆರ್.ಪಿ. ಎಂಬ ಪ್ರೋಟೀನುಗಳು ಆರ್.ಎನ್.ಎ. ಜೋಡಣೆಯ ಮೇಲ್ವಿಚಾರಣೆ ನಡೆಸುತ್ತವೆಂದು ೨೦೦೯ರಲ್ಲಿ ತಿಳಿದುಬಂತು. ಇವು ಕುಗ್ಗಿದಾಗ ಒಂದಲ್ಲ, ಅನೇಕ ವಂಶವಾಹಿಗಳ ಓದು ಒಟ್ಟಿಗೇ ಬದಲಾಗುತ್ತದೆ. ಮನೆಯಲ್ಲಿ ನಿಲ್ಲುವ ಕೋಶ ದಾರಿ ಹಿಡಿಯುವ ಕೋಶವಾಗುತ್ತದೆ.

ಅಂಥ ವಂಶವಾಹಿಗಳಲ್ಲೊಂದು ಸಿ.ಡಿ.-೪೪. ಇದರ ಕಥೆಯಲ್ಲಿ ನಮಗೆ ಪಾಠವಿದೆ. ಜರ್ಮನಿಯ ಕಾರ್ಲ್ಸ್‌ರೂಹೆಯ ವಿಜ್ಞಾನಿಗಳು ೧೯೯೧ರಲ್ಲಿ ಇಲಿಯ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕೋಶಗಳಲ್ಲಿ ಇದರ ಒಂದು ವಿಶೇಷ ರೂಪವನ್ನು, ಎಂದರೆ ಹೆಚ್ಚಿನ ತುಂಡುಗಳನ್ನು ಉಳಿಸಿಕೊಂಡ ಓದನ್ನು, ಕಂಡರು. ಹರಡದೆ ಇದ್ದ ಕೋಶಗಳಿಗೆ ಆ ರೂಪವನ್ನು ಸೇರಿಸಿದಾಗ ಅವೂ ಹರಡತೊಡಗಿದವು. ಹಾಗಾದರೆ ಈ ರೂಪವೇ ಖಳನಾಯಕನೆಂದು ತೀರ್ಮಾನಿಸಬಹುದಿತ್ತು. ಆದರೆ ೨೦೧೧ರಲ್ಲಿ ಸ್ತನದ ಕೋಶಗಳ ಮೇಲೆ ನಡೆದ ಕೆಲಸ ಬೇರೆಯದನ್ನೇ ತೋರಿಸಿತು: ಅಲ್ಲಿ ಕೋಶ ಹಿಡಿತ ಬಿಡಿಸಿಕೊಳ್ಳಲು ಬೇಕಾದದ್ದು ಉದ್ದನೆಯ ರೂಪದಿಂದ ಸಾಮಾನ್ಯವಾದ ಗಿಡ್ಡ ರೂಪಕ್ಕೆ ಬದಲಾಗುವುದು! ಒಂದು ಕಡೆ ಅಪರಾಧಿಯಾಗಿ ನಿಂತದ್ದು ಇನ್ನೊಂದು ಕಡೆ ಅಪರಾಧಿಯಲ್ಲ. ಯಾವ ರೂಪವೂ ತನ್ನಷ್ಟಕ್ಕೆ ಒಳ್ಳೆಯದಲ್ಲ, ಕೆಟ್ಟದ್ದೂ ಅಲ್ಲ. ಎಲ್ಲಿ, ಯಾವಾಗ, ಯಾರ ನೆರೆಯಲ್ಲಿ ಎಂಬುದೇ ಮುಖ್ಯ.

ಇನ್ನೊಂದು ಮಾತನ್ನು ಹೇಳಲೇಬೇಕು. ಕೋಶ ಹಿಡಿತ ಬಿಟ್ಟು ಅಲೆಯುವ ವಿದ್ಯೆ ಕ್ಯಾನ್ಸರು ಕಂಡುಹಿಡಿದದ್ದಲ್ಲ. ತಾಯಿಯ ಗರ್ಭದಲ್ಲಿ ನಾವು ರೂಪುಗೊಳ್ಳುವಾಗ ಬೆನ್ನಿನ ಕಡೆಯ ಕೆಲವು ಕೋಶಗಳು ಹೀಗೆಯೇ ಜಾಗ ಬಿಟ್ಟು ದೂರ ಸಾಗಿ ಮುಖದ ಮೂಳೆಗಳನ್ನೂ ನರಗಳನ್ನೂ ಚರ್ಮದ ಬಣ್ಣದ ಕೋಶಗಳನ್ನೂ ಕಟ್ಟಿದವು. ಗಾಯ ಮಾಯುವಾಗಲೂ ಇಂಥದೇ ಚಲನೆ. ಮಹಾನಗರಗಳಲ್ಲಿ ಹೊರಗಿನಿಂದ ಬಂದವರನ್ನು ರೋಗಕ್ಕೆ ಹೋಲಿಸುವ ಮಾತು ಆಗಾಗ ಕೇಳಿಬಂದಿದೆ; ನಮ್ಮವರೂ ಅದನ್ನು ಕೇಳಿದ್ದಾರೆ, ನಮಗಿಂತ ಈಚೆಗೆ ಬಂದವರ ಬಗ್ಗೆ ನಮ್ಮವರಲ್ಲಿ ಕೆಲವರು ಆಡಿಯೂ ಇದ್ದಾರೆ. ದೇಹವನ್ನು ಬಲ್ಲವನು ಆ ಮಾತನ್ನು ಆಡಲಾರ. ಹೊರಟು ಹೋಗುವುದೇ ರೋಗವಾಗಿದ್ದರೆ ನಮಗೆ ಮುಖವೇ ಇರುತ್ತಿರಲಿಲ್ಲ.

ಈಗ ಅತ್ತೆಯ ಪ್ರಶ್ನೆಗೆ ಬರೋಣ. ಯಾರು ಏನು ಅನ್ಯಾಯ ಮಾಡಿದರು? ಯಕ್ಷಗಾನದ ಹೋಲಿಕೆ ಇಲ್ಲಿ ಕೈಕೊಡುತ್ತದೆ. ಕೈಕೊಡುವ ಜಾಗವೇ ನಮಗೆ ಮುಖ್ಯ. ಆಟದಲ್ಲಿ ಭಾಗವತರಿದ್ದಾರೆ, ಅವರು ಬಲ್ಲವರು, ಬಯಸುವವರು, ಬೇಕಾದರೆ ಬೇರೆ ಪದ್ಯವನ್ನು ಎತ್ತಿಕೊಳ್ಳಬಲ್ಲವರು. ಕೋಶದಲ್ಲಿ ಭಾಗವತರಿಲ್ಲ. ನೂರಕ್ಕೂ ಹೆಚ್ಚು ಪ್ರೋಟೀನುಗಳು, ಐದು ಸಣ್ಣ ಆರ್.ಎನ್.ಎ.ಗಳು ಕೂಡಿದ ಒಂದು ಯಂತ್ರ ಅಲ್ಲಿ ಕತ್ತರಿಸಿ ಜೋಡಿಸುತ್ತದೆ. ಯಾವ ಪ್ರೋಟೀನು ಹೆಚ್ಚಿತು, ಯಾವುದು ತಗ್ಗಿತು, ನೆರೆಯ ಕೋಶದಿಂದ ಯಾವ ಸೂಚನೆ ಬಂತು ಎಂಬುದರ ಮೇಲೆ ಓದು ನಿಲ್ಲುತ್ತದೆ. ಓದು ಇದೆ, ಓದುವವನಿಲ್ಲ. ಆರಿಸುವವನಿಲ್ಲದ ಕಡೆ ಅಪರಾಧವೂ ಇಲ್ಲ, ಶಿಕ್ಷೆಯೂ ಇಲ್ಲ. ಅತ್ತೆಯ ಎದೆಯಲ್ಲಿ ನಡೆದದ್ದು ಯಾವ ನ್ಯಾಯಾಲಯದ ತೀರ್ಪೂ ಆಗಿರಲಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: ಹೊಗೆಸೊಪ್ಪು ಜಗಿದವನಿಗೆ ಬಾಯಿಯ ಕ್ಯಾನ್ಸರು ಬಂದರೆ ಅದು ಅವನ ಕೃತ್ಯವೇ ಅಲ್ಲವೇ? ಕಾರಣ ಹೌದು. ತಂಬಾಕು ಕ್ಯಾನ್ಸರು ತರುತ್ತದೆಂಬುದರಲ್ಲಿ ಸಂಶಯವಿಲ್ಲ. ನಮ್ಮ ಊರುಗಳ ಬದುಕಾದ ಅಡಿಕೆಯೂ ಕ್ಯಾನ್ಸರುಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ೨೦೦೪ರಲ್ಲಿ ಹೇಳಿತು. ನಮಗೆ ಕಹಿಯಾದರೂ ಅದನ್ನು ಮುಚ್ಚಿಡಬಾರದು. ಅದೇ ರೀತಿ ಕ್ಯಾನ್ಸರುಗಳಲ್ಲಿ ನೂರಕ್ಕೆ ಐದರಿಂದ ಹತ್ತು ಅನುವಂಶಿಕ ದೋಷದಿಂದ ಬರುವುದೂ ನಿಜ; ಅಂಥ ಮನೆಗಳವರು ವೈದ್ಯರ ಸಲಹೆ ಪಡೆದು ಮೊದಲೇ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಆದರೆ ಕಾರಣ ತಿಳಿಯುವುದು ಬೇರೆ, ತಪ್ಪು ಹೊರಿಸುವುದು ಬೇರೆ. ಕಾರಣ ತಿಳಿಯುವುದು ನಾಳೆ ಬರಬಹುದಾದ ರೋಗವನ್ನು ತಡೆಯಲಿಕ್ಕೆ. ತಪ್ಪು ಹೊರಿಸುವುದು ಇಂದು ಹಾಸಿಗೆಯಲ್ಲಿರುವವನನ್ನು ಎರಡನೆಯ ಸಲ ಹೊಡೆಯಲಿಕ್ಕೆ. "ಬಿಡು" ಎಂಬ ಮಾತನ್ನು ಜಗಿಯುತ್ತಿರುವವನಿಗೆ ಹೇಳಬೇಕು. ಮಲಗಿದವನಿಗೆ "ಬಿಡಬೇಕಿತ್ತು" ಎನ್ನುವುದರಿಂದ ಯಾರಿಗೆ ಲಾಭ?

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಪೂರ್ವಜನ್ಮದ ಫಲವೆಂದುಕೊಂಡರೆ ನೋವಿಗೆ ಒಂದು ಅರ್ಥವಾದರೂ ಸಿಗುತ್ತದೆ. ಯಾರೂ ಕಾರಣರಲ್ಲ ಎಂದರೆ ಮನುಷ್ಯ ಏನನ್ನು ಹಿಡಿದುಕೊಂಡು ಬದುಕಬೇಕು? ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ತನ್ನ ಕರ್ಮವೆಂದು ತಾನೇ ತಿಳಿದು ಶಾಂತಿ ಪಡೆದವರನ್ನು ನಾವು ಕಂಡಿದ್ದೇವೆ. ಅವರ ಶಾಂತಿಯನ್ನು ಕದಡುವ ಹಕ್ಕು ನಮಗಿಲ್ಲ. ಆದರೆ ಕರ್ಮದ ಮಾತು ತನ್ನನ್ನು ತಾನು ತಿದ್ದಿಕೊಳ್ಳಲು ಹಿರಿಯರು ಕೊಟ್ಟ ಕನ್ನಡಿ. ಪಕ್ಕದ ಮನೆಯವರನ್ನು ತೂಗುವ ತಕ್ಕಡಿಯಲ್ಲ. ಹೊರಗಿನವರು "ಏನು ಮಾಡಿದ್ದರೋ" ಎನ್ನುವಾಗ ಅದರಲ್ಲಿ ಧರ್ಮಕ್ಕಿಂತ ಭಯವೇ ಹೆಚ್ಚು. ಅವರು ಏನೋ ಮಾಡಿದ್ದಾರೆ, ನಾವು ಮಾಡಿಲ್ಲ, ಆದ್ದರಿಂದ ನಮಗೆ ಬರುವುದಿಲ್ಲ: ಇದೇ ಆ ಮಾತಿನ ಒಳಗಿನ ಲೆಕ್ಕ. ರೋಗಿಯ ತಲೆಯ ಮೇಲೆ ಪಾಪ ಹೊರಿಸಿ ನಾವು ನಿಶ್ಚಿಂತೆ ಕೊಳ್ಳುತ್ತೇವೆ.

ಹಾಗಾದರೆ ಯಾರೂ ಯಾವುದಕ್ಕೂ ಹೊಣೆಯಲ್ಲವೇ? ಇಲ್ಲಿ ನಮ್ಮ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಅತ್ತೆಗೆ ಹಿಂದಿ ಬಾರದು, ಇಂಗ್ಲಿಷ್ ಬಾರದು. ವೈದ್ಯರು ಹೇಳಿದ್ದನ್ನೆಲ್ಲ ಕನ್ನಡಕ್ಕೆ ತರುವ ಕೆಲಸ ನಮ್ಮದಾಗಿತ್ತು. ಒಂದು ದಿನ ವೈದ್ಯರು ನಿಧಾನವಾಗಿ, ಕನಿಕರದಿಂದ, ಮೂರು ಮಾತು ಹೇಳಿದರು: ಗಡ್ಡೆ ಸಣ್ಣದಾಗಿದೆ, ಆದರೆ ರೋಗ ಮೂಳೆಗೆ ಹರಡಿದೆ, ಔಷಧ ಮುಂದುವರಿಸೋಣ. ನಾವು ಅತ್ತೆಗೆ ಎರಡು ಮಾತು ಹೇಳಿದೆವು: ಗಡ್ಡೆ ಸಣ್ಣದಾಗಿದೆ, ಔಷಧ ಮುಂದುವರಿಸಬೇಕಂತೆ. ಸುಳ್ಳು ಒಂದೂ ಇರಲಿಲ್ಲ. ಅನುಕ್ರಮ ತಪ್ಪಿರಲಿಲ್ಲ. ನಡುವಿನ ತುಂಡೊಂದನ್ನು ತೆಗೆದು ಎರಡು ತುದಿ ಬೆಸೆದಿದ್ದೆವು, ಅಷ್ಟೆ. ಅತ್ತೆಯ ಮುಖ ಅರಳಿತು. ಮನೆಗೆ ಬಂದು ಪಾಯಸ ಮಾಡಿಸಿದರು.

ಎರಡು ತಿಂಗಳ ಮೇಲೆ ಬೆನ್ನುನೋವು ಹೆಚ್ಚಿದಾಗ ಅವರಿಗೆ ತಾನಾಗಿಯೇ ತಿಳಿಯಿತು. ಬೈಯಲಿಲ್ಲ. "ಆಗ್ಳೇ ಹೇಳಿರೆ ಊರಿಗ್ ಹೋಯಿ ತಂಗಿ ಹತ್ರ ಮಾತಾಡ್ಕಂಡ್ ಬತ್ತಿದ್ದೆ" ಎಂದರು. ಜಾಗದ ವಿಚಾರಕ್ಕೆ ಅಕ್ಕತಂಗಿಯರಲ್ಲಿ ಹನ್ನೊಂದು ವರ್ಷಗಳಿಂದ ಮಾತಿರಲಿಲ್ಲ. ಆ ಹೊತ್ತಿಗೆ ಮತ್ಸ್ಯಗಂಧ ರೈಲಿನಲ್ಲಿ ಒಂದು ರಾತ್ರಿ ಕೂತು ಹೋಗುವ ಶಕ್ತಿ ಅತ್ತೆಗೆ ಉಳಿದಿರಲಿಲ್ಲ. ತಂಗಿಯನ್ನೇ ಕರೆಸಿದೆವು. ಒಂದು ಮಧ್ಯಾಹ್ನ ಇಬ್ಬರೂ ಬಾಗಿಲು ಹಾಕಿಕೊಂಡು ಕೂತಿದ್ದರು. ಅವರಿಗೆ ಸಿಕ್ಕಿದ್ದು ಆ ಒಂದು ಮಧ್ಯಾಹ್ನ. ಸಿಗಬಹುದಾಗಿದ್ದದ್ದು ಎರಡು ತಿಂಗಳು.

ನಾವು ಕೋಶದಂತೆಯೇ ಕತ್ತರಿಸಿ ಜೋಡಿಸಿದ್ದೆವು. ಆದರೆ ಕೋಶಕ್ಕಿಲ್ಲದ್ದು ನಮ್ಮಲ್ಲಿತ್ತು: ಬಿಡುತ್ತಿರುವ ಮಾತು ಯಾವುದೆಂದು ನಮಗೆ ಗೊತ್ತಿತ್ತು, ಬಿಡದೆ ಇರಲು ನಮಗೆ ಸಾಧ್ಯವಿತ್ತು. ಪ್ರೀತಿಯಿಂದಲೇ ಬಿಟ್ಟೆವೆಂದು ಹೇಳಿಕೊಂಡೆವು. ಹೇಳುವ ಕಷ್ಟವನ್ನು ನಾವು ತಪ್ಪಿಸಿಕೊಂಡೆವು ಎಂಬುದೂ ಅಷ್ಟೇ ನಿಜ. ಹೊಣೆ ಎಂಬುದು ಬರಹದಲ್ಲಿಲ್ಲ. ಬೇರೆ ರೀತಿ ಓದಬಲ್ಲವನು ಇರುವ ಕಡೆ ಅದು ಇದೆ. ಅತ್ತೆ ತನ್ನಲ್ಲಿ ಹುಡುಕುತ್ತಿದ್ದ ತಪ್ಪು ಆಕೆಯಲ್ಲಿರಲಿಲ್ಲ. ಆ ಕೋಣೆಯಲ್ಲಿ ತಪ್ಪು ಎಂಬುದೊಂದು ಇದ್ದಿದ್ದರೆ ಅದು ನಮ್ಮ ಭಾಷಾಂತರದಲ್ಲಿತ್ತು.

ಎಲ್ಲ ರೋಗಿಗಳಿಗೂ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡಬೇಕೆಂದು ನಾವು ವಾದಿಸುವುದಿಲ್ಲ. ಕೆಲವರಿಗೆ ತಿಳಿಯುವುದು ಬೇಡವೆನಿಸಬಹುದು; ಅದೂ ಅವರ ಹಕ್ಕೇ. ಆದರೆ "ಎಷ್ಟು ತಿಳಿಯಬೇಕು ನಿಮಗೆ?" ಎಂದು ಕೇಳುವುದು ನಮ್ಮ ಕರ್ತವ್ಯ. ಕೇಳದೆ ಕತ್ತರಿ ಆಡಿಸುವ ಅಧಿಕಾರ ಮಗನಿಗೂ ಇಲ್ಲ, ಸೋದರಳಿಯನಿಗೂ ಇಲ್ಲ.

ಬರಹ ಕೆಡದೆ ಓದು ಕೆಟ್ಟಿದ್ದರೆ ಓದನ್ನು ತಿದ್ದಬಹುದಲ್ಲವೇ ಎಂಬ ಆಸೆಗೆ ಈಗ ಆಧಾರವೂ ಇದೆ. ಬೆನ್ನುಹುರಿಯ ನರಕೋಶಗಳು ನಶಿಸಿ ಹಸುಗೂಸುಗಳ ಪ್ರಾಣ ತೆಗೆಯುವ ಒಂದು ಅನುವಂಶಿಕ ರೋಗಕ್ಕೆ ನುಸಿನರ್ಸೆನ್ ಎಂಬ ಔಷಧ ೨೦೧೬ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಕೆಟ್ಟ ವಂಶವಾಹಿಯನ್ನು ಅದು ಮುಟ್ಟುವುದಿಲ್ಲ. ಅದರ ಜೊತೆಗಾರ ವಂಶವಾಹಿಯ ಆರ್.ಎನ್.ಎ.ಯಲ್ಲಿ ಬಿಟ್ಟುಹೋಗುತ್ತಿದ್ದ ಏಳನೆಯ ತುಂಡನ್ನು ಉಳಿಸಿಕೊಡುತ್ತದೆ. ಅಷ್ಟರಿಂದಲೇ, ಬೇಗ ಚಿಕಿತ್ಸೆ ಸಿಕ್ಕ ಎಷ್ಟೋ ಮಕ್ಕಳು ಕೂತಿದ್ದಾರೆ, ಕೆಲವರು ನಡೆದಿದ್ದಾರೆ. ಕ್ಯಾನ್ಸರು ಹರಡುವುದನ್ನು ಹೀಗೆ ತಡೆಯುವ ಪ್ರಯತ್ನಗಳು ಇನ್ನೂ ಪ್ರಯೋಗದ ಹಂತದಲ್ಲಿವೆ. ಆ ಹೆಸರಿನಲ್ಲಿ ಪುಡಿ, ಲೇಹ್ಯ ಮಾರುವವರ ಮಾತಿಗೆ ಯಾರೂ ಮರುಳಾಗಬಾರದು.

ಅತ್ತೆ ಈಗಿಲ್ಲ. ಊರಿನಿಂದ ಬರುವವರು ಬರುತ್ತಲೇ ಇದ್ದಾರೆ. ಅವರಿಗೆ ಮಲಗಲು ಜಾಗ, ಗಂಜಿ, ಕೇಸು ಕಾಗದಗಳನ್ನು ಹಿಡಿದು ಸಾಲಿನಲ್ಲಿ ನಿಲ್ಲುವ ಒಂದು ಜೊತೆ ಕಾಲು, ಇವನ್ನು ನಮ್ಮ ಮನೆಗಳು ಹಿಂದಿನಿಂದಲೂ ಕೊಡುತ್ತಾ ಬಂದಿವೆ. ಇನ್ನೆರಡನ್ನು ಸೇರಿಸಿ ಕೊಡುವಂತಾಗಲಿ ಎಂಬುದೇ ನಮ್ಮ ಬಿನ್ನಹ. "ನಾನೇನು ತಪ್ಪು ಮಾಡಿದೆ" ಎಂದು ಅವರು ಕೇಳಿದಾಗ, "ನಿಮ್ಮ ತಪ್ಪಲ್ಲ" ಎಂದು ಸಮಾಧಾನಕ್ಕಾಗಿ ಅಲ್ಲ, ನಿಜವಾದ ಮಾತೆಂದು ತಿಳಿದು ಹೇಳೋಣ. ವೈದ್ಯರು ಮೂರು ಮಾತು ಹೇಳಿದಾಗ, ಬೇಡವೆಂದು ಅವರೇ ಹೇಳದ ಹೊರತು, ಮೂರನ್ನೂ ಹೇಳೋಣ.